ಅರ್ಧ ನಿಮಿಷಕ್ಕೆ ಐವತ್ತಾರು

ಎಪ್ಪತ್ತರ ದಶಕದ ನಡುವಿನ ಮಾತು. ನಾನು ಮದ್ದೂರಿನ ಜೂನಿಯರ್ ಕಾಲೇಜಿನಲ್ಲಿ ಎರಡನೇ ಪಿಯುಸಿ ಓದುತ್ತಿದ್ದೆ. ಓದುತ್ತಿದ್ದೆ ಎನ್ನುವುದಕ್ಕಿಂತ ಮೊದಲನೆಯವನಾಗಿದ್ದೆ ಎನ್ನುವುದು ಹೆಚ್ಚು ಸರಿ. ಓದು ಅದರ ಪಾಡಿಗೆ ಅದು ಜೊತೆಯಲ್ಲಿ ನಡೆಯುತ್ತಿತ್ತು. ಗಣಿತ, ಭೌತಶಾಸ್ತ್ರ, ಸಂಸ್ಕೃತ, ಯಾವುದರಲ್ಲೂ ನನಗಿಂತ ಹೆಚ್ಚು ಅಂಕ ಪಡೆಯುವ ಅವಿವೇಕವನ್ನು ಅದುವರೆಗೆ ಯಾರೂ ಮಾಡಿರಲಿಲ್ಲ. ತಂದೆ ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರು. ಅವರ ಮುಂದೆ ಊರಿನ ಜನ ನಿಲ್ಲುವ ರೀತಿಯಲ್ಲೇ ನನ್ನ ಮುಂದೆ ತರಗತಿ ನಿಲ್ಲಬೇಕೆಂದು ನಾನು ಪ್ರಾಮಾಣಿಕವಾಗಿ ನಂಬಿದ್ದೆ.

ಆ ವರ್ಷ ಮಳವಳ್ಳಿಯಿಂದ ವರ್ಗವಾಗಿ ಒಬ್ಬ ಡ್ರಿಲ್ ಮೇಷ್ಟ್ರು ಬಂದರು. ಅಲ್ಲಿಯವರೆಗೆ ಡ್ರಿಲ್ ಎಂದರೆ ಹತ್ತು ನಿಮಿಷ ಕೈ ಮೇಲೆ, ಕೈ ಕೆಳಗೆ. ಮಿಕ್ಕ ಹೊತ್ತು ಹುಣಸೆಮರದ ನೆರಳು. ಈ ಮೇಷ್ಟ್ರ ಕೊರಳಿನಲ್ಲಿ ಸೀಟಿಯ ಜೊತೆಗೆ ಒಂದು ಸ್ಟಾಪ್‌ವಾಚೂ ನೇತಾಡುತ್ತಿತ್ತು. "ಆಟ ಅಂದ್ರೆ ಚೆಂಡು ಒದೆಯಾದಲ್ಲ ಕಣ್ರಲಾ, ಒದ್ದಾಗ ಒಳಗಡೆ ಏನಾಯ್ತದೆ ಅಂತ ನೋಡಾದು" ಎಂದರು. ನಮ್ಮನ್ನು ಗೋಡೆಯ ಪಕ್ಕ ಎಗರಿಸಿ ಸೀಮೆಸುಣ್ಣದಿಂದ ಗುರುತು ಹಾಕಿಸಿದರು. ಬಕೆಟ್ಟಿನ ನೀರಿನಲ್ಲಿ ಬೋರಲು ಹಾಕಿದ ಬಾಟಲಿಗೆ ರಬ್ಬರು ಕೊಳವೆಯಿಂದ ಊದಿಸಿ, ಯಾರ ಎದೆಯಲ್ಲಿ ಎಷ್ಟು ಗಾಳಿ ಇದೆಯೆಂದು ಅಳೆದರು. ಪುಸ್ತಕವಿಲ್ಲದ ವಿಜ್ಞಾನ. ನನಗೆ ಅದು ಅಷ್ಟು ಗೌರವಸ್ಥವಾಗಿ ಕಾಣಲಿಲ್ಲ.

ಒಂದು ದಿನ ನಾಡಿಯ ಸರದಿ. ಸುಮ್ಮನೆ ಕೂತಿರುವಾಗ ನಿಮಿಷಕ್ಕೆ ಎಷ್ಟು ಬಡಿತ ಎಂದು ಮೇಷ್ಟ್ರು ಒಬ್ಬೊಬ್ಬರ ಕೈ ಹಿಡಿದು ಎಣಿಸಿ ಕರಿಹಲಗೆಯ ಮೇಲೆ ಬರೆದರು. ನನ್ನದು ಎಂಬತ್ತೆಂಟು. ಇಡೀ ತರಗತಿಗೇ ಹೆಚ್ಚು. ಫಲಿತಾಂಶದ ದಿನ ಮುಖಕ್ಕೆ ತಂದುಕೊಳ್ಳುತ್ತಿದ್ದ ವಿನಯವನ್ನು ಅಭ್ಯಾಸಬಲದಿಂದ ತಂದುಕೊಂಡು ನೆಲ ನೋಡುತ್ತಾ ನಿಂತೆ. ಆಮೇಲೆ ಮೇಷ್ಟ್ರು ವಿವರಿಸಿದರು: ಗಟ್ಟಿ ಹೃದಯಕ್ಕೆ ಅವಸರವಿರುವುದಿಲ್ಲ, ಇದರಲ್ಲಿ ಕಡಿಮೆ ಬಂದವನೇ ಮೊದಲು. ಇಂಥ ಪರೀಕ್ಷೆಯೂ ಲೋಕದಲ್ಲಿದೆಯೆಂದು ನನಗೆ ಮನೆಯಲ್ಲಿ ಯಾರೂ ಹೇಳಿರಲಿಲ್ಲ.

ಮೊದಲು ಬಂದವನು ಬೆಸಗರಹಳ್ಳಿ ಕಡೆಯಿಂದ ದಿನಾ ಸೈಕಲ್ಲು ತುಳಿದು ಬರುತ್ತಿದ್ದ ರೈತರ ಹುಡುಗ. ಕೊನೆಯ ಬೆಂಚಿನವನು. ರಸಾಯನಶಾಸ್ತ್ರದಲ್ಲಿ ಮೂವತ್ತೈದನ್ನು ಹೇಗೋ ಮುಟ್ಟಿ ವಾಪಸು ಬರುವವನು. ಅವನ ನಾಡಿ ಐವತ್ತೆಂಟು.

"ಎತ್ತಿನ ಎದೆ ಕಣ್ಲಾ ನಿಂದು! ಬೆಳಿಗ್ಗೆ ಎದ್ದು ಏನ್ಲಾ ಮಾಡ್ತೀಯಾ?" ಮೇಷ್ಟ್ರು ಕೇಳಿದರು.

"ಏನಿಲ್ಲ ಸಾ. ಗದ್ದೆಗೆ ನೀರ್ ಕಟ್ಬುಟ್ಟು, ದನಕ್ಕೆ ಉಲ್ಲು ಒತ್ಕಂಬಂದಾಕಿ, ಸೈಕಲ್ ಅತ್ಕಂಡು ಬತ್ತೀನಿ. ಅಷ್ಟೇಯ."

ಆ "ಅಷ್ಟೇಯ" ನನ್ನ ಎದೆಯಲ್ಲಿ ಮುಳ್ಳಿನಂತೆ ಕೂತಿತು. ನಾನು ಎಷ್ಟೋ ರಾತ್ರಿ ಕಂಠಪಾಠ ಮಾಡಿ ಪಡೆಯುತ್ತಿದ್ದ ಸ್ಥಾನವನ್ನು ಇವನು ಹುಲ್ಲು ಹೊತ್ತು ಪಡೆದಿದ್ದ. ಅದೂ ಪಡೆದದ್ದು ಗೊತ್ತಿಲ್ಲದೆ.

ಮರುದಿನದಿಂದ ನಾನು ಹೃದಯವನ್ನು ತಿದ್ದುವ ಮಹಾಕಾರ್ಯಕ್ಕೆ ಕೈಹಾಕಿದೆ. ಕಾಫಿ ಬಿಟ್ಟೆ. "ಕಾಫಿ ಬೇಡ್ವೇನೋ? ಜ್ವರ ಬಂದಿದ್ಯಾ?" ಎಂದು ಅಮ್ಮ ಹಣೆ ಮುಟ್ಟಿ ನೋಡಿದರು. ಬೆಳಗಿನ ಜಾವ ಶಿಂಷಾ ಸೇತುವೆಯವರೆಗೆ ಓಡಲು ಶುರುಮಾಡಿದೆ. ಆ ಕಾಲದಲ್ಲಿ ನಮ್ಮೂರಲ್ಲಿ ಕಾರಣವಿಲ್ಲದೆ ಯಾರೂ ಓಡುತ್ತಿರಲಿಲ್ಲ. ಎಮ್ಮೆ ಹೊಡೆದುಕೊಂಡು ಬರುತ್ತಿದ್ದ ಮುದುಕರೊಬ್ಬರು ಗಾಬರಿಯಿಂದ ದಾರಿ ಬಿಟ್ಟು, ನನ್ನ ಹಿಂದೆ ಇಣುಕಿ, "ಯಾರ್ ಸ್ವಾಮಿ ಅಟ್ಟುಸ್ಕಂಡ್ ಬತ್ತಾ ಇರಾದು?" ಎಂದು ಕೇಳಿದರು. ಅಟ್ಟಿಸಿಕೊಂಡು ಬರುತ್ತಿದ್ದವನ ಹೆಸರು ಹೇಳುವಂತಿರಲಿಲ್ಲ. ನಾಲ್ಕನೆಯ ದಿನಕ್ಕೆ ಓಟ ನಿಂತಿತು. ಕಾಫಿ ಅದಕ್ಕೂ ಮೊದಲೇ ಶುರುವಾಗಿತ್ತು.

ಅಷ್ಟರಲ್ಲಿ ಮಂಡ್ಯದಲ್ಲಿ ಜಿಲ್ಲೆಯ ಕಾಲೇಜುಗಳ ವಿಜ್ಞಾನ ಪ್ರದರ್ಶನ ಎಂಬ ಸುದ್ದಿ ಬಂತು. ನಮ್ಮ ಕಾಲೇಜಿನಿಂದ ಬೆಂಚಿನ ಪ್ರಯೋಗ ಹೋಗುವುದೆಂದು ತೀರ್ಮಾನವಾಯಿತು. ಮೊಣಕಾಲೆತ್ತರದ ಬೆಂಚನ್ನು ಐದು ನಿಮಿಷ ಒಂದೇ ತಾಳದಲ್ಲಿ ಹತ್ತಿ ಇಳಿಯಬೇಕು. ತಾಳಕ್ಕೆ ಒಬ್ಬ ತಟ್ಟೆ ಬಡಿಯುತ್ತಾನೆ. ನಿಲ್ಲಿಸಿ ಒಂದು ನಿಮಿಷ ಕೂತ ಮೇಲೆ ಅರ್ಧ ನಿಮಿಷದ ನಾಡಿ ಎಣಿಸಬೇಕು. ದಣಿದ ಹೃದಯ ಎಷ್ಟು ಬೇಗ ಸಮಾಧಾನಕ್ಕೆ ಬರುತ್ತದೋ ಅಷ್ಟು ಗಟ್ಟಿ ಮನುಷ್ಯ. ಮೇಜಿನ ಮುಂದೆ ನಿಂತು ಇದನ್ನು ಜನರಿಗೆ ವಿವರಿಸುವವನು ಒಬ್ಬನೇ. ಆ ಒಬ್ಬ ಯಾರೆಂಬುದನ್ನು ನಾನು ಯಾರನ್ನೂ ಕೇಳದೆ ನಿರ್ಧರಿಸಿ, ಬಿಳಿ ಷರಟಿಗೆ ಇಸ್ತ್ರಿ ಮಾಡಿಸಿಟ್ಟಿದ್ದೆ.

ಮೇಷ್ಟ್ರು ಬೇರೆ ಮಾತು ಹೇಳಿದರು. "ಯಾರ್ ನಾಡಿ ಕಮ್ಮಿಯೋ ಅವನೇ ಯೋಳಾದು. ಮೈಯಲ್ಲಿ ಇಲ್ದಿದ್ದುನ್ನ ಬಾಯಲ್ಲಿ ಯೋಳುದ್ರೆ ಯಾರ್ಲಾ ನಂಬ್ತಾರೆ?"

ದೊಡ್ಡವರ ಮುಂದೆ ಮಾತಾಡಬೇಕೆಂಬ ಭಯಕ್ಕೆ ಬೇರೆ ಯಾರೂ ಮುಂದೆ ಬರಲಿಲ್ಲ. ಉಳಿದವರು ಇಬ್ಬರು: ಹೆಸರು ಕೊಟ್ಟ ನಾನು, ಹಿಂದಿನ ಬೆಂಚಿನವರು ಕೂಗಿ ಹೆಸರು ಬರೆಸಿದ ಆ ಸೈಕಲ್ಲಿನ ಹುಡುಗ. ಮೊದಲು ನಾನು ಹತ್ತಿ ಇಳಿದೆ. ಮೇಷ್ಟ್ರೇ ಎಣಿಸಿದರು. ಐವತ್ತೆರಡು. ಅವನು ಹತ್ತುತ್ತಿದ್ದಾಗ ಪ್ರಿನ್ಸಿಪಾಲರು ಕರೆಯುತ್ತಾರೆಂದು ಜವಾನ ಬಂದ. ಮೇಷ್ಟ್ರು ಸ್ಟಾಪ್‌ವಾಚನ್ನು ನನ್ನ ಕೈಗೆ ಕೊಟ್ಟು, "ನೀನೇ ಎಣ್ಸಿ ಬರಿ" ಎಂದು ಹೊರಟುಹೋದರು.

ಸುಳ್ಳು ಬರೆಯಬಹುದಿತ್ತು. ಬರೆಯಲಿಲ್ಲ, ಇದನ್ನು ಇವತ್ತಿಗೂ ಪ್ರಮಾಣ ಮಾಡಿ ಹೇಳಬಲ್ಲೆ. ಆದರೆ ಎರಡು ವರ್ಷ ಒಂದೇ ಕೋಣೆಯಲ್ಲಿ ಕೂತಿದ್ದರೂ ನಾನು ಅವನ ಕೈಯನ್ನು ಒಮ್ಮೆಯೂ ಮುಟ್ಟಿರಲಿಲ್ಲ. ಮುಟ್ಟಬಾರದೆಂದಲ್ಲ, ಸಂದರ್ಭ ಬಂದಿಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಸಂದರ್ಭ ಬಂದಾಗ, ಸಾಧ್ಯವಾದಷ್ಟು ಕಡಿಮೆ ಮುಟ್ಟುವುದು ಹೇಗೆಂದು ಯೋಚಿಸಿ, ತಂದೆಯ ಕಚೇರಿಯಲ್ಲಿ ಓದು ಬಾರದವರು ಅರ್ಜಿಗೆ ಹೆಬ್ಬೆಟ್ಟು ಒತ್ತುವ ಹಾಗೆ, ಅವನ ಮಣಿಕಟ್ಟಿನ ಮೇಲೆ ಹೆಬ್ಬೆರಳೊಂದನ್ನೇ ಊರಿದೆ. ಬಡಿತ ಚೆನ್ನಾಗಿ ಸಿಕ್ಕಿತು. ಎಣಿಸಿದೆ. ಐವತ್ತಾರು!

"ಅದೆಂಗ್ಲಾ ಆಯ್ತದೆ? ನಂಗೆ ಏದುಸ್ರೇ ಬಂದಿಲ್ವಲ್ಲ" ಎಂದ ಅವನು.

"ಸಂಖ್ಯೆ ಸುಳ್ಳು ಹೇಳಲ್ಲ ಕಣೋ" ಎಂದೆ ನಾನು, ಗಂಭೀರವಾಗಿ.

ಹೀಗೆ ಮಂಡ್ಯಕ್ಕೆ ನಾನು ಆಯ್ಕೆಯಾದೆ. ನಾನು ಅಂಕಿ ಬರೆದಿದ್ದ ನೋಟ್‌ಬುಕ್ಕನ್ನು ಮೇಷ್ಟ್ರು ಎರಡು ಸಲ ನೋಡಿ ಮುಚ್ಚಿಟ್ಟರು. ನನ್ನ ಅಕ್ಷರ ದುಂಡಗಿದ್ದದ್ದರಿಂದ ಪ್ರದರ್ಶನದ ಪಟ ಬರೆಯುವ ಕೆಲಸವೂ ನನಗೇ ಬಂತು. ಮೇಷ್ಟ್ರ ಟಿಪ್ಪಣಿ ನೋಡಿಕೊಂಡು ದೊಡ್ಡ ಹಾಳೆಯ ಮೇಲೆ ಇಳಿಸುತ್ತಾ ಹೋದೆ. ಐದನೆಯ ಸಾಲು ಹೀಗಿತ್ತು: "ನಾಡಿಯನ್ನು ನಡುವಿನ ಬೆರಳುಗಳಿಂದ ನೋಡಬೇಕು. ಹೆಬ್ಬೆರಳು ಕೂಡದು, ಅದರಲ್ಲಿ ಎಣಿಸುವವನ ನಾಡಿಯೇ ಬಡಿಯುತ್ತದೆ." ಮೇಷ್ಟ್ರು ಇದನ್ನು ತರಗತಿಯಲ್ಲಿ ಹೇಳಿದಾಗ ನಾನು ಬಹುಶಃ ನನ್ನ ಎಂಬತ್ತೆಂಟರ ಶೋಕದಲ್ಲಿದ್ದೆ.

ಕುಂಚ ಕೈಯಲ್ಲೇ ಉಳಿಯಿತು. ಲೆಕ್ಕ ಸ್ಪಷ್ಟವಾಗಿತ್ತು. ಬೆಂಚು ಹತ್ತಿ ಇಳಿದಾಗ ನನ್ನ ಎದೆ ಬಡಿದದ್ದು ಐವತ್ತೆರಡು. ಅವನ ಪಕ್ಕ ಕೂತು, ಅವನು ಸೋಲಲಿ ಎಂದು ಹಾರೈಸುತ್ತಿದ್ದಾಗ ಬಡಿದದ್ದು ಐವತ್ತಾರು. ಅಸೂಯೆಯನ್ನು ಸ್ಟಾಪ್‌ವಾಚು ಹಿಡಿದು ಅಳೆದವರು ಈ ಜಿಲ್ಲೆಯಲ್ಲಿ ನನಗಿಂತ ಮೊದಲು ಯಾರೂ ಇರಲಾರರು.

ಈ ಸಂಶೋಧನೆಯನ್ನು ಲೋಕಕ್ಕೆ ತಿಳಿಸಬೇಕೆಂಬ ಆತುರ ನನಗೇನೂ ಇರಲಿಲ್ಲ. ಎರಡು ದಿನ ಬಾಯಿ ಮುಚ್ಚಿಕೊಂಡಿದ್ದೆ. ಮೂರನೆಯ ದಿನ ಅವನೇ ಬಂದ.

"ಬೆಂಚ ನಾನೇ ಒತ್ಕಂಡ್ ಬತ್ತೀನಿ ಬುಡ್ಲಾ. ತಟ್ಟೆನೂ ಬಡಿತೀನಿ. ನೀನ್ ಚೆಂದಾಗ್ ಯೋಳ್ತೀಯ ಕಣ್ಲಾ, ನಂಗೆ ಅದೆಲ್ಲ ಬರಾಕಿಲ್ಲ."

ನನ್ನನ್ನು ಕಂಡು ಹೊಟ್ಟೆಕಿಚ್ಚು ಪಡುವ ಕನಿಷ್ಠ ಸೌಜನ್ಯವೂ ಆ ಪ್ರಾಣಿಗೆ ಇರಲಿಲ್ಲ. ಆಮೇಲೆ ದನಿ ತಗ್ಗಿಸಿ, "ಒಂದ್ ಯೋಳು. ಐವತ್ತಾರು ಅಂದ್ರೆ ಎದೆ ಕಾಯ್ಲೆನೇನ್ಲಾ? ಅವ್ವಂಗೆ ಬಾಯ್ ತಪ್ಪಿ ಯೋಳ್ಬುಟ್ಟೆ. ಅವತ್ತಿಂದ ನನ್ ಕೈಲಿ ಒಂದ್ ಉಲ್ಲಿನ್ ಒರೆನೂ ಒರುಸ್ತಾ ಇಲ್ಲ. ಮಂಡ್ಯ ಆಸ್ಪತ್ರೆಗೆ ಓಗಾನ ಅಂತ ಅಳ್ತಾವ್ಳೆ" ಎಂದ.

ಅವನ ಅವ್ವನನ್ನು ನಾನು ನೋಡಿದವನಲ್ಲ. ಆದರೂ ನನ್ನ ಹೆಬ್ಬೆರಳಿಗಾಗಿ ಬೆಸಗರಹಳ್ಳಿಯಲ್ಲಿ ಒಬ್ಬ ಹೆಂಗಸು ಅಳುತ್ತಿದ್ದಾಳೆಂಬುದು ಊಟ ಸೇರುವಂಥ ವಿಷಯವಾಗಿರಲಿಲ್ಲ. ಸೀದಾ ಮೇಷ್ಟ್ರ ಬಳಿಗೆ ಹೋಗಿ, ತಂದೆಯ ಕಡತಗಳಲ್ಲಿ ಕಲಿತ ಭಾಷೆಯಲ್ಲಿ ನಿವೇದಿಸಿಕೊಂಡೆ:

"ಸಾರ್, ಎಣಿಕೆಯ ಸಮಯದಲ್ಲಿ ಹೆಬ್ಬೆರಳು ಬಳಕೆಯಾಗಿರುವ ಸಂಭವ ಕಂಡುಬರುತ್ತದೆ."

"ಯಾರ್ದು ಹೆಬ್ಬೆರಳು?"

"ನಂದು ಸಾರ್."

ಮೇಷ್ಟ್ರು ನನ್ನ ಹೆಬ್ಬೆರಳನ್ನು ಹಿಡಿದು ತಿರುಗಿಸಿ ನೋಡಿದರು. "ಶಿರಸ್ತೇದಾರ್ರ ಮನೇಲಿ ಹೆಬ್ಬೆಟ್ಟು ಒತ್ತಿರೋನು ನೀನೇ ಮೊದ್ಲು ಇರ್ಬೇಕು" ಎಂದರು. ಬೈಯಲಿಲ್ಲ. ಅವನನ್ನು ಕರೆಸಿ, ಹೆಬ್ಬೆರಳಿನ ಕಥೆ ಹೇಳಿ, ಬೆಂಚು ಹತ್ತಿಸಿ, ತಾವೇ ಎಣಿಸಿದರು. ಮೂವತ್ತೊಂಬತ್ತು. "ಓಗ್ಲಾ, ನಿಮ್ಮವ್ವಂಗೆ ಯೋಳು, ನಿನ್ ಮೇಲೆ ಎಷ್ಟ್ ಬೇಕಾದ್ರೂ ಒರುಸ್ಲಿ ಅಂತ." ಅವನು ನನ್ನ ಕಡೆ ತಿರುಗಿ, "ಥೂ, ಅಷ್ಟೇನಾ? ಎದೆ ಒಡ್ಸಾಕ್ಬುಟ್ಟಿದ್ದಲ್ಲೋ!" ಎಂದು ಬೆನ್ನಿಗೊಂದು ಗುದ್ದಿ, ಅಲ್ಲಿಗೆ ಮುಗಿಸಿಬಿಟ್ಟ. ಕೋಪಿಸಿಕೊಂಡಿದ್ದರೆ ನಾನು ಎಷ್ಟೋ ಹಗುರಾಗುತ್ತಿದ್ದೆ.

ಮೇಷ್ಟ್ರ ತೀರ್ಪು ಸರಳವಾಗಿತ್ತು. ಅವನು ವಿವರಿಸುವುದು, ನಾನು ಹತ್ತುವುದು. ದಣಿದ ಹೃದಯ ಹೇಗಿರುತ್ತದೆಂದು ಜನಕ್ಕೆ ತೋರಿಸಲು ನನಗಿಂತ ಒಳ್ಳೆಯ ಮಾದರಿ ಮದ್ದೂರಿನಲ್ಲಿ ಸಿಗುವುದಿಲ್ಲವೆಂದರು.

ಬೆಂಚು ಬಸ್ಸಿನ ಮೇಲೆ ಮಂಡ್ಯ ಸೇರಿತು. ಹಗಲೆಲ್ಲ, ಗುಂಪು ಬಂದಾಗಲೆಲ್ಲ, ಇಸ್ತ್ರಿಯ ಷರಟು ಬೆನ್ನಿಗಂಟುವವರೆಗೆ ಹತ್ತಿ ಇಳಿದೆ. ಅವನು ಮೊದಲ ಗುಂಪಿನ ಮುಂದೆ ತೊದಲಿದ. ಎರಡನೆಯದಕ್ಕೆ ಸರಿಹೋದ. ಮೂರನೆಯ ಗುಂಪಿಗೆ, "ನೋಡಿ, ಇವ್ನು ಓದಾದ್ರಲ್ಲಿ ಫಸ್ಟು. ಆದ್ರೆ ಅದು ಇವ್ನ್ ಎದೆಗೆ ಗೊತ್ತಿಲ್ಲ!" ಎಂದ. ಜನ ಗೊಳ್ಳೆಂದರು. ನಾನು ಬರೆದು ಬಾಯಿಪಾಠ ಮಾಡಿದ್ದ ಮೂರು ಪುಟದ ಭಾಷಣದಲ್ಲಿ ಅಂಥ ಒಂದು ಮಾತೂ ಇರಲಿಲ್ಲವಲ್ಲ ಎಂದು ಬೆಂಚಿನ ಮೇಲೆ ನಿಂತೇ ಹೊಟ್ಟೆ ಉರಿಯಿತು.

ಮಧ್ಯಾಹ್ನದ ಮೇಲೆ ಟೈ ಕಟ್ಟಿದ ಅಧಿಕಾರಿಯೊಬ್ಬರು ಬಂದರು. ನಾನು ಹತ್ತಿ ಇಳಿದು ಕೂತಿದ್ದೆ. ಅವನ ಮೂರು ಬೆರಳು ನನ್ನ ಮಣಿಕಟ್ಟಿನ ಮೇಲಿದ್ದವು. "ನಿಧಾನವಾಗಿ ಬಡಿದರೆ ಮೈಗೆ ರಕ್ತ ಸಾಲುವುದು ಹೇಗಪ್ಪ?" ಎಂದು ಅವರು ಕೇಳಿದರು. ಅವನು ಇನ್ನೊಂದು ಕೈ ಎತ್ತಿ ಅಷ್ಟು ದೊಡ್ಡ ಅಧಿಕಾರಿಯನ್ನೇ ಸುಮ್ಮನಿರಿಸಿ ಎಣಿಕೆ ಮುಗಿಸಿದ. ಆಮೇಲೆ, "ನಂಗ್ ಗೊತ್ತಿಲ್ಲ ಸಾ. ಇವ್ನಿಗ್ ಗೊತ್ತು. ಇವ್ನು ವಸಿ ಉಸ್ರು ತಕ್ಕಳ್ಳಿ, ತಡೀರಿ" ಎಂದ.

ಎಲ್ಲರೂ ತಡೆದರು. ನಾನು ಉಸಿರು ತೆಗೆದುಕೊಂಡು, ಬಲಿತ ಹೃದಯ ಒಂದು ಬಡಿತಕ್ಕೇ ಹೆಚ್ಚು ರಕ್ತ ತಳ್ಳುತ್ತದೆ, ಆದ್ದರಿಂದ ಬಡಿತ ಕಡಿಮೆ ಸಾಕು ಎಂದು ಎರಡು ವಾಕ್ಯದಲ್ಲಿ ಹೇಳಿದೆ. ಉತ್ತರ ಸರಿಯಾಗಿತ್ತು. ಅಧಿಕಾರಿ ಮೆಚ್ಚಿ ಕೈ ಕುಲುಕಿದರು, ಅವನದನ್ನು. ಅವನು ಕೈ ಬಿಡಿಸಿಕೊಂಡು ಹಲಗೆಯ ಮೇಲೆ ದೊಡ್ಡದಾಗಿ ನನ್ನ ಅಂಕಿ ಬರೆದ. ಅರವತ್ತೊಂದು. ಅಷ್ಟು ಜನರ ಎದುರು ಒಂದೆರಡು ಕಡಿಮೆ ಬರೆದಿದ್ದರೆ ಯಾರಿಗೆ ತಿಳಿಯುತ್ತಿತ್ತು? ಬರೆಯಲಿಲ್ಲ. ತಟ್ಟೆ ಎತ್ತಿಕೊಂಡು, "ಏಳ್ಲಾ, ಇನ್ನೊಂದ್ ಗುಂಪು ಬತ್ತಾ ಅದೆ" ಎಂದ.