ಸುರಂಗದೊಳಗೆ ಕಾಲಿಟ್ಟ ಅಕ್ಕ

ಬೆಟ್ಟ ಕೊರೆದು ರೈಲುದಾರಿ ಮಾಡುತ್ತಿದ್ದ ಕಡೆ, ಕೆಲಸಗಾರರ ಶೆಡ್ಡುಗಳ ಹಿಂದೆ, ಬಟ್ಟೆ ಒಗೆಯುವವಳೊಬ್ಬಳಿದ್ದಳು. ಹಿರಿಯರು ಕಿರಿಯರೆನ್ನದೆ ಎಲ್ಲರೂ ಅವಳನ್ನು ಅಕ್ಕ ಎನ್ನುತ್ತಿದ್ದರು. ಕಲ್ಲುಪುಡಿ ಮೆತ್ತಿ ರಟ್ಟಿನಂತಾದ ಅಂಗಿಗಳನ್ನು ಉಜ್ಜಿ ಉಜ್ಜಿ ಅವಳ ಬೆರಳು ಬಿರುಕುಬಿಟ್ಟಿದ್ದವು. ನಿಜಕ್ಕೂ ಅವಳು ಅಕ್ಕನಾಗಿದ್ದುದು ಒಬ್ಬನಿಗೆ ಮಾತ್ರ, ಒಳಗೆ ಡ್ರಿಲ್ ಹಿಡಿಯುತ್ತಿದ್ದ ತಮ್ಮನಿಗೆ. ಅಪ್ಪ ಅಮ್ಮ ಹೋದ ಮೇಲೆ ಅವಳೇ ಸಾಕಿದವನು. ಆಳೆತ್ತರ ಬೆಳೆದು ಮೀಸೆ ತಿರುವುತ್ತಿದ್ದರೂ ಎಲ್ಲರ ಬಾಯಲ್ಲಿ ಪುಟ್ಟನೇ.

ಸುರಂಗದ ಬಾಯಲ್ಲಿ ಗಾಜಿನ ಗೂಡೊಂದಿತ್ತು. ಅದರೊಳಗೆ ಸಂತ ಬಾರ್ಬರಾಳ ಪ್ರತಿಮೆ. ನೆಲದಡಿ ದುಡಿಯುವವರನ್ನು ಹಠಾತ್ ಸಾವಿನಿಂದ ಕಾಯುವವಳು ಅವಳೆಂಬುದು ತಲೆತಲಾಂತರದ ನಂಬಿಕೆ. ಪಾಳಿಗೆ ಹೋಗುವ ಪ್ರತಿಯೊಬ್ಬನೂ ಆ ಗಾಜು ಮುಟ್ಟಿಯೇ ಹೋಗುತ್ತಿದ್ದ. ಅಷ್ಟೇ ಗಟ್ಟಿಯಾದ ಇನ್ನೊಂದು ನಂಬಿಕೆಯೂ ಇತ್ತು: ಹೆಂಗಸು ಒಳಗೆ ಕಾಲಿಟ್ಟರೆ ಬೆಟ್ಟ ಕುಸಿಯುತ್ತದೆ.

ಒಂದು ಬೆಳಿಗ್ಗೆ ಹೆಂಗಸಿನ ಹಂಗಿಲ್ಲದೆಯೇ ಬೆಟ್ಟ ಕುಸಿಯಿತು.

ಸಿಕ್ಕಿಕೊಂಡವರು ಮೂವರು: ಪುಟ್ಟ, ಮಣ್ಣು ಸಾಗಿಸುವ ಗಾಡಿಯ ಡ್ರೈವರ್, ಒಬ್ಬ ವೆಲ್ಡರ್. ಕಲ್ಲುಮಣ್ಣಿನ ನಡುವೆ ಹೇಗೋ ಒಂದು ಕಬ್ಬಿಣದ ಪೈಪು ತೂರಿಸಿ ಗಾಳಿ ಬಿಟ್ಟರು. ಅದರಲ್ಲಿ ಮಾತೂ ಕೇಳುತ್ತಿತ್ತು. ಪುಟ್ಟನ ಕಾಲು ಬಂಡೆಯಡಿ ಸಿಕ್ಕಿದೆ, ರಕ್ತ ನಿಲ್ಲುತ್ತಿಲ್ಲ, ಮಂಪರು ಹತ್ತುತ್ತಿದೆ ಎಂದು ಡ್ರೈವರ್ ಕೂಗಿ ಹೇಳಿದ. ಮಲಗಲು ಬಿಡಬೇಡಿ ಎಂದರು ಡಾಕ್ಟರು.

"ನಾನು ಮಾತಾಡಿಸ್ತೀನಿ," ಎಂದಳು ಅಕ್ಕ. ಮೊಣಕೈಯಲ್ಲಿ ಸೋಪಿನ ನೊರೆ ಇನ್ನೂ ಆರಿರಲಿಲ್ಲ.

ಮೇಸ್ತ್ರಿ ಅಡ್ಡ ನಿಂತ. "ಬೇಡಮ್ಮ. ಹೆಂಗಸರು ಒಳಗೆ ಬರಬಾರದು."

"ಇನ್ನು ಕುಸಿಯೋಕೆ ಏನು ಉಳಿದಿದೆಯಣ್ಣ?" ಅವಳು ಗೂಡಿನ ಕಡೆ ಕೈ ಚಾಚಿದಳು. "ದಿನಾ ಮುಟ್ಟಿ ಕಣ್ಣಿಗೊತ್ತಿಕೊಳ್ತೀರಲ್ಲ, ಅವಳೇನು ಗಂಡಸಾ?"

ಅವಳು ಮೇಸ್ತ್ರಿಯನ್ನು ತಳ್ಳಿಕೊಂಡೇ ಒಳಗೆ ನಡೆದು ಪೈಪಿಗೆ ಬಾಯಿಟ್ಟಳು.

"ಲೋ ಪುಟ್ಟ, ಕಣ್ಣು ಮುಚ್ಚಿದ್ರೆ ಗ್ರಹಚಾರ ಬಿಡಿಸ್ತೀನಿ!"

ಪೈಪಿನೊಳಗಿಂದ ಕ್ಷೀಣವಾದ ನಗು ಬಂತು. "ಬೈಬೇಡಕ್ಕ. ಆ ಗೂಡಿನೊಳಗಿರೋಳ ಕಥೆ ಹೇಳು."

ಹೇಳಿದಳು. ಯಾರ ಕಣ್ಣಿಗೂ ಬೀಳಬಾರದೆಂದು ಅಪ್ಪ ಮಗಳನ್ನು ಗೋಪುರದಲ್ಲಿ ಕೂಡಿಹಾಕಿದ್ದು, ಅವಳು ಗುಟ್ಟಾಗಿ ಕ್ರಿಸ್ತನನ್ನು ನಂಬಿದ್ದು, ತಂದೆ, ಮಗ, ಪವಿತ್ರಾತ್ಮರ ನೆನಪಿಗೆಂದು ಗೋಡೆಗೆ ಮೂರನೆಯದೊಂದು ಕಿಟಕಿ ತೆಗೆಸಿದ್ದು, ವಿಷಯ ತಿಳಿದು ಅಪ್ಪ ಕೆಂಡವಾದದ್ದು. ಅಲ್ಲಿಗೆ ಬಂದು ನಿಲ್ಲಿಸಿದಳು. ಮುಂದೇನೆಂದು ಅವಳಿಗೆ ಗೊತ್ತಿತ್ತು. ಹೆತ್ತಪ್ಪನೇ ಕತ್ತಿ ಎತ್ತಿ ಅವಳ ತಲೆ ಕಡಿಯುತ್ತಾನೆ.

"ಆಮೇಲೆ? ಯಾರಾದ್ರೂ ಬಂದು ಬಿಡಿಸ್ತಾರಾ?"

"ಬಿಡಿಸ್ತಾರೆ ಕಣೋ. ಬಾಗಿಲು ಒಡೆದು ಎತ್ಕೊಂಡು ಬರ್ತಾರೆ."

ಆ ಕಡೆ ಏನೋ ಗುಸುಗುಸು. ಮತ್ತೆ ಸದ್ದಿಲ್ಲ. ಅವಳು ಕೂಗಿದಳು, ಬೈದಳು, ಬೇಡಿಕೊಂಡಳು. ಕೊನೆಗೆ ಡ್ರೈವರನ ದನಿ ಬಂತು.

"ಮಲಗಿದ್ದಾನೆ ಅಕ್ಕ."

"ಎಬ್ಬಿಸಪ್ಪ!"

"ಇರಲಿ ಅಕ್ಕ. ಮಲಗಲಿ."

ಆ ದನಿ ನಡುಗಿದ್ದರಲ್ಲೇ ಅವಳಿಗೆ ತಿಳಿಯಿತು. ಹಣೆಯನ್ನು ಪೈಪಿಗೆ ಚಚ್ಚಿಕೊಂಡಳು. ಎದ್ದು ಓಡಿಬಿಡಬೇಕೆಂದು ಕಾಲೆತ್ತುವಷ್ಟರಲ್ಲಿ ವೆಲ್ಡರ್ ಅಳುವುದು ಕೇಳಿಸಿತು. "ಹೋಗ್ಬೇಡ ಅಕ್ಕ. ಇಲ್ಲಿ ಕಣ್ಣು ಕಾಣಲ್ಲ. ಏನಾದ್ರೂ ಮಾತಾಡ್ತಿರು."

ಅವಳು ಕೂತಳು. ಯಾರ ಅಂಗಿಯ ಗುಂಡಿ ಕಿತ್ತುಹೋಗಿದೆ, ಯಾರ ಕಾಲುಚೀಲಕ್ಕೆ ಬಕೆಟ್ಟೇ ಹೆದರುತ್ತದೆ, ಬಾಯಿಗೆ ಬಂದದ್ದೆಲ್ಲ ಹೇಳಿದಳು. ದನಿ ಸತ್ತು ಬರೀ ಉಸಿರು ಉಳಿದ ಮೇಲೂ ಬಿಡಲಿಲ್ಲ. ಅಂತೂ ಮಣ್ಣು ಬಗೆದು ದಾರಿ ಮಾಡಿದಾಗ ಇಬ್ಬರು ನಡೆದು ಬಂದರು. ಒಬ್ಬನನ್ನು ಹೊತ್ತು ತಂದರು.

ಮಣ್ಣಿಗಿಟ್ಟು ಬಂದ ಮೇಲೆ ಡ್ರೈವರ್ ಅವಳ ಶೆಡ್ಡಿನ ಹೊಸ್ತಿಲಲ್ಲಿ ಕುಕ್ಕರಿಸಿದ.

"ಬಿಡಿಸ್ತಾರೆ ಅಂತ ನಾನು ಕೊನೆಗೆ ಹೇಳಿದ್ದು ಅವನಿಗೆ ಕೇಳಿಸ್ತಾ?" ಎಂದಳು ಅಕ್ಕ.

"ಕೇಳಿಸ್ತು. ನಕ್ಕ. 'ನಮ್ಮಕ್ಕನಿಗೆ ಸುಳ್ಳು ಹೇಳೋಕೆ ಬರಲ್ಲ' ಅಂದ."

ಅಲ್ಲಿವರೆಗೆ ಬಾರದ ಅಳು ಆಗ ಬಂತು.

ಇಬ್ಬರು ಉಳಿದದ್ದು ಪವಾಡವೆಂದು ಜನ ಗೂಡಿನ ತುಂಬ ಹೂ ಪೇರಿಸಿದರು. ಮೇಸ್ತ್ರಿ ಅಕ್ಕನನ್ನೂ ಹೂ ಇಡಲು ಕರೆದ. "ಆ ಗೂಡಿನವಳ ಮೇಲೆ ನನಗೆ ಸಿಟ್ಟಿಲ್ಲಣ್ಣ," ಎಂದಳು. "ಅವಳನ್ನು ಬಿಡಿಸೋಕೂ ಯಾರೂ ಬರಲಿಲ್ಲ. ಈ ಹೂ ನೋಡಿದ್ರೆ ಮೈ ಉರಿಯುತ್ತೆ." ಮುಂದೆ ವೈರಿಂಗ್ ಕೆಲಸಕ್ಕೆ ಹೆಂಗಸೊಬ್ಬಳು ಬಂದಾಗ ಮೇಸ್ತ್ರಿ ತಾನೇ ಹೆಲ್ಮೆಟ್ ಕೊಟ್ಟು ಒಳಗೆ ಕಳಿಸಿದ.

ಸುರಂಗ ಮುಗಿಯುವವರೆಗೂ ಅಕ್ಕ ಅಲ್ಲೇ ಇದ್ದಳು. ಹೋಗೋಣವೆಂದರೆ ಅವಳಿಗೆ ಬೇರೆ ಮನೆಯಿರಲಿಲ್ಲ.