ಅಪ್ಪನ ಉಬ್ಬಸದ ಪುಡಿ

ಅಚ್ಚಾದದ್ದನ್ನೆಲ್ಲ ಕಣ್ಣು ಮುಚ್ಚಿ ನಂಬುವ ವಿದ್ಯಾರ್ಥಿಗಳನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ಅರವತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ಮೈಸೂರಿನಲ್ಲಿ ವೈದ್ಯಕೀಯ ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತಿದ್ದೆ. ವಾರಕ್ಕೊಂದು ಸಂಶೋಧನಾ ಲೇಖನ ಕೈಗೆ ಕೊಟ್ಟು, ಇದನ್ನು ಯಾಕೆ ನಂಬಬೇಕು ಹೇಳಿ ಎಂದು ಕೇಳುವುದು ನನ್ನ ಪದ್ಧತಿ. ಔಷಧಿ ತಿನ್ನದವರೂ ಹೀಗೇ ವಾಸಿಯಾಗುತ್ತಿದ್ದರೋ ಏನೋ, ನೋಡಿದ್ದಾರೆಯೇ? ಯಾರನ್ನು ಲೆಕ್ಕಕ್ಕೆ ಹಿಡಿದರು, ಯಾರನ್ನು ಬಿಟ್ಟರು? ಹುಡುಗರು ತಲೆ ಕೆರೆದುಕೊಳ್ಳುತ್ತಿದ್ದರು. "ದೊಡ್ಡ ಪ್ರೊಫೆಸರ್ ಬರೆದಿದ್ದಾರಲ್ಲ ಮೇಡಂ" ಎಂದು ಯಾರಾದರೂ ಬಾಯಿ ಬಿಟ್ಟರೆ ಆವತ್ತು ಅವರ ಗ್ರಹಚಾರ ಬಿಡಿಸುತ್ತಿದ್ದೆ.

ಒಂದು ವರ್ಷ ಅವರನ್ನು ಹಳ್ಳಿ ಶಿಬಿರಕ್ಕೆಂದು ಹನೂರಿಗೆ ಕರೆತಂದೆ. ಹತ್ತಿರದ ಕೊಳ್ಳೇಗಾಲ ನನ್ನ ತವರು. ನಮ್ಮೂರು ಇನ್ನೂ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕಾಲದಲ್ಲೇ ಅಪ್ಪ ಮದರಾಸಿಗೆ ಹೋಗಿ ಡಾಕ್ಟರಿಕೆ ಓದಿ ಬಂದು, ಪೇಟೆಯಲ್ಲಿ ಷಾಪು ಇಟ್ಟಿದ್ದರು. ನಮ್ಮ ಕಡೆ ಡಾಕ್ಟರು ಕೂರುವ ಜಾಗಕ್ಕೂ ಷಾಪು ಎಂದೇ ಹೆಸರು. ಉಬ್ಬಸಕ್ಕೆ ಅವರು ತಾವೇ ಅರೆದು ಬೆರೆಸಿದ ಒಂದು ಪುಡಿ ಕೊಡುತ್ತಿದ್ದರು. ವಾಸಿಯಾದವರು ಬಾಳೆಗೊನೆಯನ್ನೋ ಹಸಿ ಅವರೆಕಾಯನ್ನೋ ಹೊತ್ತುಕೊಂಡು ಬಂದು, ಅಪ್ಪನ ಮುಂದಿಟ್ಟು ಕೈ ಮುಗಿದು ಹೋಗುವುದು ವಾಡಿಕೆ. ನಾನು ಬೆಳೆದದ್ದೇ ಆ ಬಾಳೆಹಣ್ಣು ತಿಂದು. ಆ ಪುಡಿಯ ಬಗ್ಗೆ ಅಪ್ಪ ಬರೆದ ಎರಡು ಪುಟದ ಲೇಖನ ಒಂದು ವೈದ್ಯರ ಪತ್ರಿಕೆಯಲ್ಲಿ ಬಂದಿತ್ತು. ಬದುಕಿನಲ್ಲಿ ಅವರು ಬರೆದದ್ದು ಅದೊಂದೇ, ಅದರ ಮೇಲೆ ಅವರಿಗೆ ಮಗುವಿನ ಮೇಲಿರುವಂಥ ಅಕ್ಕರೆ.

ನನಗೆ ಖುಷಿಯಾಗಲಿ ಎಂದು ಹುಡುಗರು ಅಪ್ಪನನ್ನು ಶಿಬಿರದ ತರಗತಿಗೆ ಕರೆದುಬಿಟ್ಟರು. ಅಪ್ಪ ಕ್ಲೋಸ್ ಕೋಟು ತೊಟ್ಟು ಬಸ್ಸಿನಲ್ಲಿ ಬಂದಿಳಿದು, ಪತ್ರಿಕೆ ತೆರೆದು ನಿಧಾನವಾಗಿ ಓದಿದರು. ಪುಡಿ ತಿಂದವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಗುಣವಾದರು ಎಂದು ಅದರ ಸಾರಾಂಶ. ಹುಡುಗರು ಚಪ್ಪಾಳೆ ತಟ್ಟಿದರು. ವರ್ಷವಿಡೀ ನಾನು ಕಲಿಸಿದ್ದೆಲ್ಲ ನೀರಲ್ಲಿ ಹೋಮ ಆಯಿತಲ್ಲ ಎನಿಸಿತು. ಆದರೂ ನಿಜ ಹೇಳಬೇಕೆಂದರೆ, ಹಾಗೇ ಮುಗಿದುಹೋದರೆ ಸಾಕು, ಅಪ್ಪನನ್ನು ಊಟಕ್ಕೆ ಎಬ್ಬಿಸೋಣ ಎಂದೂ ಎನಿಸಿತು.

ಅಷ್ಟರಲ್ಲಿ ಹಿಂದಿನ ಸಾಲಿನ ಒಬ್ಬ ಹುಡುಗಿ ಎದ್ದು ನಿಂತಳು. "ಸರ್, ಪುಡಿ ತೆಗೆದುಕೊಂಡು ಹೋಗಿ ತಿರುಗಿ ಬರದೇ ಇದ್ದವರು ಏನಾದರು?"

ಅಪ್ಪ ನಕ್ಕರು. "ವಾಸಿಯಾಗಿರ್ತಾರೆ ಕಣಮ್ಮ. ಇಲ್ದಿದ್ರೆ ಸುಮ್ನೆ ಬುಡ್ತಿದ್ರಾ? ಬಂದು ನನ್ ತಲೆ ತಿಂತಿದ್ರು."

"ಹೋಗಿ ನೋಡಿದ್ದೀರಾ ಸರ್?"

ಎಲ್ಲರ ಕಣ್ಣೂ ನನ್ನ ಮೇಲೆ. ಸಾಕು ಕೂತುಕೋ ಎಂದಿದ್ದರೆ ನನ್ನನ್ನು ಯಾರೂ ದೂರುತ್ತಿರಲಿಲ್ಲ. ಆದರೆ ಆ ಕೋಣೆಯಲ್ಲಿದ್ದ ಯಾರೂ ಇನ್ನು ಮೇಲೆ ಹಿರಿಯರೊಬ್ಬರನ್ನು ಪ್ರಶ್ನೆ ಕೇಳುತ್ತಿರಲಿಲ್ಲ. "ಕೇಳಬೇಕಾದ ಪ್ರಶ್ನೆಯೇ" ಎಂದೆ. ನನ್ನ ದನಿ ನನಗೇ ಒರಟಾಗಿ ಕೇಳಿಸಿತು.

ಅಪ್ಪನ ಮುಖ ಸಣ್ಣದಾಯಿತು. "ನಿನ್ಗೂ ಅನುಮಾನವೇನವ್ವ?"

"ಗೊತ್ತಿಲ್ಲಪ್ಪ. ನೋಡ್ದೆ ಎಂಗೆ ಏಳ್ಲಿ?"

ಅವರು ಪತ್ರಿಕೆ ಮಡಿಸಿ ಕಂಕುಳಿಗೆ ಇರುಕಿಕೊಂಡು ಎದ್ದರು. "ಎಲ್ರೂ ಜೀಪು ಅತ್ತಿ. ಬಂಡಳ್ಳಿಗೆ ಓಗಿ ನೋಡೇಬುಡವ" ಎಂದರು. ಅಲ್ಲೊಬ್ಬ ಹೆಂಗಸು ಪುಡಿ ತೆಗೆದುಕೊಂಡು ಹೋದವಳು ಮತ್ತೆ ಷಾಪಿನ ಕಡೆ ಬಂದಿರಲಿಲ್ಲ. ಅವಳು ಗುಣವಾಗಿದ್ದಾಳೆ ಎನ್ನುವುದರಲ್ಲಿ ಅಪ್ಪನಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಶಿಬಿರದ ಜೀಪಿನಲ್ಲಿ ಅವರು ನನ್ನ ಪಕ್ಕ ಬಿಟ್ಟು ಡ್ರೈವರ್ ಪಕ್ಕ ಹೋಗಿ ಕೂತರು.

ಆ ಹೆಂಗಸು ಜಗುಲಿಯ ಮೇಲೆ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ಅಪ್ಪನನ್ನು ಕಂಡದ್ದೇ ಗಾಬರಿಯಾಗಿ ಎದ್ದು ಸೆರಗು ಸರಿಮಾಡಿಕೊಂಡಳು.

"ಎಂಗಿದ್ದೀಯವ್ವ?" ಎಂದರು ಅಪ್ಪ.

"ಚೆನ್ನಾಗಿವ್ನಿ ಸಾ. ನಿಮ್ ಪುಡಿ ಶಾನೆ ಗುಣ ಕೊಡ್ತು."

ಅಪ್ಪ ಗೆದ್ದವರಂತೆ ನಮ್ಮ ಕಡೆ ತಿರುಗಿದರು. ಆದರೆ ಅಷ್ಟು ಮಾತಾಡುವುದರೊಳಗೆ ಅವಳಿಗೆ ಏದುಸಿರು ಬಂದಿತ್ತು. ಎದೆಯೊಳಗಿನ ಸುಯ್ಯೆನ್ನುವ ಸದ್ದು ಅಂಗಳದಲ್ಲಿ ನಿಂತಿದ್ದ ನಮಗೆಲ್ಲ ಕೇಳಿಸುತ್ತಿತ್ತು. ಅಪ್ಪನಿಗೂ ಕೇಳಿಸಿತು. ಅವರು ಮೆಲ್ಲಗೆ ಜಗುಲಿಯ ಮೇಲೆ ಅವಳ ಪಕ್ಕದಲ್ಲೇ ಕೂತರು.

"ವಾಸಿಯಾಗ್ನಿಲ್ಲ ಅಂದ್ಮೇಲೆ ಯಾಕವ್ವ ಬರ್ನಿಲ್ಲ?"

ಅವಳು ತಲೆ ತಗ್ಗಿಸಿದಳು. "ವಾಸಿಯಾದೋರು ಬಾಳೆಗೊನೆ ತಕಂಡು ಬತ್ತಾರೆ ಸಾ. ನಾನು ಬರಿಗೈಲಿ ಬಂದು, ಗುಣ ಆಗ್ನಿಲ್ಲ ಅನ್ನಕಾಯ್ತದಾ? ಅಷ್ಟು ಆಸೆಯಿಂದ ಕೊಟ್ಟಿದ್ರಿ. ನಿಮ್ ಮನ್ಸು ನೋಯ್ತದೆ ಅಂತ ಸುಮ್ಕಾದೆ."

ಅಪ್ಪನ ಮುಖ ನೋಡಿ ಅವಳಿಗೇ ಸಂಕಟವಾಗಿರಬೇಕು. "ಬೇಜಾರ್ ಮಾಡ್ಕಬ್ಯಾಡಿ ಸಾ. ಪುಡಿ ಇದ್ರೆ ಕೊಡಿ, ಇನ್ನೊಂದ್ಸಲ ತಿಂದ್ ನೋಡ್ತೀನಿ" ಎಂದಳು.

ಅಪ್ಪನ ಕೋಟಿನ ಜೇಬಿನಲ್ಲಿ ಯಾವಾಗಲೂ ಆ ಪುಡಿಯ ಪೊಟ್ಟಣ ಇರುತ್ತಿತ್ತು. ಅವರ ಕೈ ಜೇಬಿಗೆ ಹೋಯಿತು. ಅವರು ಕೊಟ್ಟುಬಿಟ್ಟರೆ ಮತ್ತೆ ಆ ಷಾಪಿನ ಮೆಟ್ಟಿಲು ಹತ್ತಲು ನನ್ನಿಂದ ಆಗುತ್ತಿರಲಿಲ್ಲ. ಕೈ ಸ್ವಲ್ಪ ಹೊತ್ತು ಅಲ್ಲೇ ಇತ್ತು, ಆಮೇಲೆ ಬರಿದಾಗಿಯೇ ಹೊರಬಂತು.

"ಬ್ಯಾಡ ಕಣವ್ವ. ನನ್ ಮನ್ಸು ನೋಯ್ಲಿ ಬುಡು. ರಾತ್ರಿ ಎಂಗ್ ಮಲಗ್ತೀಯ, ಅದ್ನೇಳು."

ಮಲಗುವುದಿಲ್ಲ, ಗೋಡೆಗೆ ಒರಗಿ ಕೂತೇ ಬೆಳಗು ಮಾಡುತ್ತೇನೆ ಎಂದು ಅವಳು ಹೇಳತೊಡಗಿದಳು. ಅಪ್ಪ ಮಧ್ಯೆ ಬಾಯಿ ಹಾಕದೆ ಕೇಳಿದರು. ಪ್ರಶ್ನೆ ಕೇಳಿದ್ದ ಹುಡುಗಿಯನ್ನು ಹತ್ತಿರ ಕರೆದು, ಅವಳ ಸ್ಟೆತೊಸ್ಕೋಪನ್ನೇ ಇಸಿದುಕೊಂಡು ಆ ಹೆಂಗಸಿನ ಎದೆ ಪರೀಕ್ಷೆ ಮಾಡಿ, ಮೈಸೂರಿನ ದೊಡ್ಡಾಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ನನ್ನ ಅಪ್ಪನ ಬಗ್ಗೆ ನನಗೆ ಅಷ್ಟು ಹೆಮ್ಮೆ ಅದಕ್ಕೆ ಮುಂಚೆ ಯಾವತ್ತೂ ಆಗಿರಲಿಲ್ಲ, ಅಷ್ಟು ಮರುಕವೂ ಆಗಿರಲಿಲ್ಲ.

ಜೀಪಿನ ಹತ್ತಿರ ಬಂದಾಗ ಅವರು ಹತ್ತದೆ ನನ್ನ ಕಡೆ ತಿರುಗಿ ನಿಂತರು. "ನಾಳೆ ಮುಳ್ಳೂರಿಗೂ ಓಗ್ಬೇಕು ಕಣವ್ವ" ಎಂದರು. "ಅಲ್ಲೂ ಒಬ್ಳು ತಿರ್ಗಾ ಬರ್ನಿಲ್ಲ. ಅವ್ಳು ಪೂರ್ತಿ ವಾಸಿಯಾದ್ಳು ಅಂತ ಪತ್ರಿಕೇಲಿ ಅಚ್ಚಾಕ್ಸಿವ್ನಿ."