ಬಾವಿ ಪದ ಹಾಡಿದವಳು

ನೀರಿನ ಟ್ಯಾಂಕರು ಹಿಂದಕ್ಕೆ ಸರಿಯುತ್ತಿತ್ತು. ಅದರ ಬೆನ್ನಿಗೇ ಮಗಳು ಶಾಮಲಾ ಬಗ್ಗಿ, ಕಿತ್ತುಹೋದ ಚಪ್ಪಲಿಯ ಉಂಗುಷ್ಠ ಸಿಕ್ಕಿಸಿಕೊಳ್ಳುತ್ತಿದ್ದಳು. ಹೋಟೆಲಿನ ಹಿತ್ತಿಲಲ್ಲಿ ಪಾತ್ರೆ ತಿಕ್ಕುತ್ತ ಕೂತಿದ್ದ ಶಿವಕಾಂತಾ ತಲೆ ಎತ್ತಿದ್ದೇ ತಡ, ವರ್ಷಗಟ್ಟಲೆ ಅದುಮಿಟ್ಟಿದ್ದ ದನಿ ಗಂಟಲು ಹರಿದುಕೊಂಡು ಹೊರಬಿತ್ತು.

“ಶಾಮೀ, ಸರೀ ಆ ಕಡೀ...”

ಹುಡುಗಿ ಹಾರಿ ಪಕ್ಕಕ್ಕೆ ಬಿದ್ದಳು. ಡ್ರೈವರ್ ಬ್ರೇಕು ಒತ್ತಿದ. ಮಂಡಿ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಆದರೆ ರಸ್ತೆಯಾಚೆ ಏಳುತ್ತಿದ್ದ ಕಟ್ಟಡದಲ್ಲಿ, ಬೊಂಬಿನ ಅಟ್ಟಣೆಯ ಮೇಲೆ ನಿಂತು ಗೋಡೆಗೆ ಸಿಮೆಂಟಿನ ಗಿಲಾಯಿ ಮಾಡುತ್ತಿದ್ದ ಗೌಂಡಿಯೊಬ್ಬ ಕರಣೆ ಹಿಡಿದ ಕೈಯನ್ನು ಹಾಗೇ ಗಾಳಿಯಲ್ಲಿ ನಿಲ್ಲಿಸಿ ಕೆಳಗೆ ನೋಡುತ್ತಿದ್ದ. ಶಿವಕಾಂತಾ ಅದನ್ನು ಕಂಡಳು. ಕಂಡು ಸೆರಗು ಮುಂದಕ್ಕೆಳೆದುಕೊಂಡಳು.

ಸ್ವಲ್ಪ ಹೊತ್ತಿಗೆ ಅವನು ಸಿಮೆಂಟಿನ ಕೈ ತೊಳೆಯದೆಯೇ ಹಿತ್ತಿಲಿಗೆ ಬಂದ. ಹೆಸರು ಧರ್ಮಣ್ಣ, ಯಾದಗಿರಿ ಕಡೆಯವನು.

“ಯಕ್ಕಾ, ಯಾವೂರು ನಿಮ್ಮದು?”

“ಬಿಜಾಪುರ ಕಡಿ.”

“ಬಿಜಾಪುರದವ್ರು ಹಂಗ ಕೂಗಂಗಿಲ್ರಿ.” ಅವನು ದನಿ ತಗ್ಗಿಸಿದ. “ಬಾವಿ ಪದ ಹಾಡಿದ ಶಿವಕಾಂತಾ ಅಲ್ಲೇನ್ರಿ ನೀವು?”

ಅವಳು ಸಾಂಬಾರಿನ ಪಾತ್ರೆ ಬೋರಲು ಹಾಕಿ ತಿಕ್ಕತೊಡಗಿದಳು. “ಆ ಹೆಸರಿನವ್ರು ನನಗ ಗೊತ್ತಿಲ್ಲ. ಕೆಲಸ ಅದ, ನಡೀರಿ.”

“ಆಯ್ತ್ರಿ,” ಎಂದ ಧರ್ಮಣ್ಣ. ಹೋಗುವ ಮುಂಚೆ ಬಗ್ಗಿ ಅವಳ ಮುಂದಿನ ನೆಲ ಮುಟ್ಟಿ, ಆ ಕೈಯನ್ನು ಹಣೆಗೊತ್ತಿಕೊಂಡ. ಅವಳ ಮಾತನ್ನು ಅವನು ಎಳ್ಳಷ್ಟೂ ನಂಬಿರಲಿಲ್ಲ.

ಪುಣೆಯ ಹಡಪಸರದ ಆ ಹೋಟೆಲು ಉಡುಪಿ ಕಡೆಯ ಮೋಹನದಾಸರದು. ಅಲ್ಲಿ ಅವಳಿಗೆ ಹೆಸರೇ ಇರಲಿಲ್ಲ. ಮೋಹನದಾಸರ ಹೆಂಡತಿ ಕುಸುಮ ‘ಶಾಮಲಾನ ಅಮ್ಮ’ ಎನ್ನುತ್ತಿದ್ದರು, ಸುತ್ತಲಿನ ಕೂಲಿಯವರು ‘ಶಾಮಲಾನ ಅವ್ವ’ ಎನ್ನುತ್ತಿದ್ದರು. ಅವಳಿಗೆ ಅಷ್ಟೇ ಬೇಕಾಗಿತ್ತು. ಅಜ್ಜಿ, ಅವ್ವ ಎಲ್ಲರೂ ಗೀಗಿ ಪದ ಹಾಡಿ ಬದುಕಿದ ಮನೆತನದವಳು ಅವಳು. ಗಂಡ ತಾಯಪ್ಪ ಬಲಗಡೆ ನಿಂತು ದಪ್ಪು ಬಾರಿಸುತ್ತಿದ್ದ, ಇವಳು ನಡುವೆ ನಿಂತು ಹಾಡುತ್ತಿದ್ದಳು. ಊರೂರಿಗೆ ಕರೆಸಿಕೊಳ್ಳುತ್ತಿದ್ದರು. ಹಾಗೆ ಹೋದ ಒಂದೂರಲ್ಲಿ, ಹಾಡು ಮುಗಿದ ಮರುದಿನ ಮುಂಜಾನೆ, ಬಾವಿಕಟ್ಟೆಯ ಮೇಲೆ ಒಬ್ಬ ಸೊಸೆ ಇವಳಿಗೆ ಮುಖ ತೊಳೆಯಲು ನೀರು ಸೇದಿಕೊಟ್ಟು ತನ್ನ ಕಷ್ಟ ಹೇಳಿಕೊಂಡಿದ್ದಳು. ಹೆಸರು ಯಮನವ್ವ. ಆ ಬೇಸಿಗೆಯಲ್ಲೇ ಅದೇ ಬಾವಿಯಲ್ಲಿ ಅವಳ ಹೆಣ ತೇಲಿತು. ಕಾಲು ಜಾರಿತು ಎಂದು ಪಂಚನಾಮೆಯಾಯಿತು.

ಶಿವಕಾಂತಾ ಅದರ ಮೇಲೆ ಪದ ಕಟ್ಟಿದಳು. ಗುಲಬರ್ಗಾದ ಒಂದು ಖೋಲಿಯಲ್ಲಿ, ಸದ್ದು ಬಾರದಂತೆ ಕಿಟಕಿಗೆ ಕೌದಿ ಕಟ್ಟಿ ಹಾಡಿಸಿ ರೆಕಾರ್ಡು ಮಾಡಿದ ಕ್ಯಾಸೆಟ್ಟಿನ ಮೇಲೆ ಅವಳ ಫೋಟೋ ಇರಲಿಲ್ಲ, ಒಂದು ದಪ್ಪಿನ ಚಿತ್ರವಿತ್ತು ಅಷ್ಟೇ.

*ಕೊಡ ಬಂತು ಮನಿಗಿ, ಹಗ್ಗ ಬಂತು ಮನಿಗಿ,*
*ನೀರಿಗ್ಹೋದ ಮಗಳು ಯಾಕ ಬರಲಿಲ್ಲ?*

ಅಂಗಡಿಯಲ್ಲಿ ಮಾರಿದ್ದಕ್ಕಿಂತ ಕಾಪಿ ಮಾಡಿಕೊಂಡು ಕೇಳಿದವರೇ ಹೆಚ್ಚು. ಹೆಣ್ಣು ಕೊಟ್ಟ ತಾಯಂದಿರು ಅದನ್ನು ಅಕ್ಕಿಡಬ್ಬಿಯಲ್ಲಿ ಬಚ್ಚಿಟ್ಟುಕೊಂಡರು. ಪದದಲ್ಲಿ ಅತ್ತೆ, ಮಾವ, ಗಂಡ, ಮೈದುನ ಎಲ್ಲರ ಹೆಸರೂ ಇದ್ದವು. ಪೊಲೀಸರು ಮತ್ತೆ ಕೇಸು ತೆಗೆಯಬೇಕಾಯಿತು. ಗಂಡ, ಮಾವ ಸ್ವಲ್ಪ ಕಾಲ ಒಳಗೂ ಹೋದರು, ಸಾಕ್ಷಿ ಸಾಲದೆ ಹೊರಗೂ ಬಂದರು. ಬಂದವರ ಕಡೆಯ ಮಂದಿ ಬಸ್‌ಸ್ಟ್ಯಾಂಡಿನಲ್ಲಿ ತಾಯಪ್ಪನನ್ನು ಕೆಡವಿ, ದಪ್ಪು ಬಾರಿಸುವ ಕೈಯನ್ನು ಕಲ್ಲಿನ ಮೇಲಿಟ್ಟು ಮುರಿದರು. ಮುಂದಿನ ಸಲ ಹಾಡಿದಾಕೆಯ ನಾಲಿಗೆ ಎಂದರು. ಆವತ್ತೇ ಸಿಕ್ಕ ಗಾಡಿ ಹತ್ತಿ ಪುಣೆಗೆ ಬಂದ ಸಂಸಾರ ಅದು. ತಾಯಪ್ಪ ಇಲ್ಲಿ ವಾಚಮನ್ ಆಗಿದ್ದು, ಕಾಮಾಲೆ ಬಂದು ತೀರಿಹೋದ. ಶಿವಕಾಂತಾ ಮೆಲ್ಲಗೆ ಮಾತಾಡುವುದನ್ನು ರೂಢಿ ಮಾಡಿಕೊಂಡಳು. ಇಲ್ಲಿ ಅವಳ ಮುಖ ಯಾರಿಗೂ ಗೊತ್ತಿರಲಿಲ್ಲ. ಹಿಡಿದುಕೊಡುವುದಾದರೆ ದನಿಯೇ ಹಿಡಿದುಕೊಡಬೇಕು ಎಂದು ಅವಳಿಗೆ ತಿಳಿದಿತ್ತು.

ಧರ್ಮಣ್ಣ ಬಂದುಹೋದ ಮೇಲೆ ಹೋಟೆಲಿಗೆ ಹೊಸ ಗಿರಾಕಿಗಳು ಬರತೊಡಗಿದರು. ಸೆಂಟ್ರಿಂಗಿನವರು, ಬಿಗಾರಿಯವರು, ಕಂಕುಳಲ್ಲಿ ಕೂಸಿದ್ದ ಹೆಂಗಸರು. ಒಂದು ಚಹಾ ತಗೊಂಡು, ಅಡಿಗೆಮನೆಯ ಬಾಗಿಲ ಕಡೆ ಮುಖಮಾಡಿ ಕೂತು, ಅವಳು ಬಟ್ಟಲು ಒಯ್ಯಲು ಬಂದಾಗ ಎದ್ದು ನಿಲ್ಲುತ್ತಿದ್ದರು. ಏನೂ ಕೇಳುತ್ತಿರಲಿಲ್ಲ.

“ಎಂತ ಮಾರಾಯ್ತಿ ಇದು?” ಎಂದು ಕುಸುಮ ಕೇಳಿದರು. “ದೇವಸ್ಥಾನಕ್ಕೆ ಬಂದ ಹಾಗೆ ಬರ್ತಾರಲ್ಲ. ನಿಮಗೆ ಏನಾದ್ರೂ ತೊಂದರೆ ಉಂಟಾ?”

“ಇಲ್ರಿ ಅಕ್ಕಾರ,” ಎಂದಳು ಶಿವಕಾಂತಾ. ಸಂಜೆ ಧರ್ಮಣ್ಣನನ್ನು ಹಿತ್ತಿಲಿಗೆ ಕರೆದು, ಹಲ್ಲು ಕಚ್ಚಿ ಹೇಳಿದಳು: “ನನ್ನ ಗಂಡನ ಕೈ ಯಾಕ ಹೋತು ಗೊತ್ತದ ಏನ್ ನಿನಗ? ನೀ ಮಂದೀಗಿ ಹೇಳಿದ್ದು ಎಲ್ಲಿ ಮುಟ್ಟತದ ಅಂತ ವಿಚಾರ ಮಾಡೀಯೇನು?”

ಧರ್ಮಣ್ಣನ ಮುಖ ಇಳಿದುಹೋಯಿತು. “ನನ್ನ ತಂಗಿ ನಿಮ್ಮ ಪದ ಕೇಳಿ ಗಂಡನ ಮನಿ ಬಿಟ್ಟು ಬಂದ್ಲ್ರಿ. ಜೀವಂತ ಅದಾಳ. ಅದಕ್ಕ... ನನಗ ತಿಳೀಲಿಲ್ರಿ ಯಕ್ಕಾ.”

ಆದರೆ ಮಾತು ಆಗಲೇ ಊರು ದಾಟಿತ್ತು. ಒಂದು ದಿನ ಬೆಳಿಗ್ಗೆ ಕೂಲಿಯವನಲ್ಲದ ಒಬ್ಬ ಬಂದು ಮೂಲೆಯ ಟೇಬಲ್ಲಿಗೆ ಕೂತ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೆಂಪಗೆ ಕೆರಳಿದ ಕಣ್ಣು. ಚಹಾ ಆರಿಹೋದರೂ ಕುಡಿಯಲಿಲ್ಲ. ಅವಳನ್ನೇ ನೋಡುತ್ತಿದ್ದ, ಅವಳು ನೋಡಿದರೆ ತಲೆ ತಗ್ಗಿಸುತ್ತಿದ್ದ. ಮರುದಿನವೂ ಬಂದ. ಮಾತು ಅವಳ ಕಡೆಯದೇ, ಯಮನವ್ವ ಸತ್ತ ಆ ಊರಿನ ಸೀಮೆಯದು. ಮಾಣಿಯ ಹತ್ತಿರ “ನೀರು ಕೊಡಪ್ಪಾ” ಎಂದಷ್ಟರಲ್ಲೇ ಅವಳಿಗೆ ಗೊತ್ತಾಯಿತು.

ಅವಳು ಮನೆಗೆ ಓಡಿದಳು. ತಗಡಿನ ಖೋಲಿಯಲ್ಲಿ ಇದ್ದದ್ದನ್ನೆಲ್ಲ ಸೀರೆಯಲ್ಲಿ ಗಂಟು ಕಟ್ಟತೊಡಗಿದಳು. ಭೋರ್ ಎಂಬ ಊರಿನಲ್ಲಿ ಪರಿಚಯದ ಹೆಂಗಸೊಬ್ಬಳು ಕೆಲಸಕ್ಕಿದ್ದಳು, ಅಲ್ಲಿಗೆ ಹೋಗುವುದು.

“ನಾ ಬರಂಗಿಲ್ಲ,” ಎಂದಳು ಶಾಮಲಾ. ಹೊಲಿಗೆ ಕ್ಲಾಸಿನಿಂದ ಆಗಷ್ಟೇ ಬಂದಿದ್ದಳು.

“ಹುಚ್ಚಿ, ಅವರು ಬಂದಾರ.”

“ಬರ್ಲಿ. ಎಷ್ಟು ಊರು ಬಿಡೂದವ್ವಾ? ಹುಟ್ಟಿದಾಗಿಂದ ನನಗ ನೀ ಒಂದು ಜೋಗುಳಾನೂ ಬಾಯ್ಬಿಟ್ಟು ಹಾಡಿದ್ದು ನೆನಪಿಲ್ಲ. ಅಪ್ಪನ ಕೈ ಹೋತು, ನಿನ್ನ ಬಾಯಿ ಹೋತು. ಇನ್ನೇನು ತಗೋತಾರ?”

ಶಿವಕಾಂತಾ ಅರ್ಧ ಕಟ್ಟಿದ ಗಂಟನ್ನು ಅಲ್ಲೇ ಬಿಟ್ಟಳು. ಆಮೇಲೆ ಎದ್ದು ಹೋಟೆಲಿಗೆ ನಡೆದಳು. ಅವನು ಇನ್ನೂ ಮೂಲೆಯಲ್ಲೇ ಇದ್ದ. ಅವಳು ಟೇಬಲ್ಲಿನ ಎದುರಿಗೆ ಹೋಗಿ ನಿಂತಳು.

“ನಾನ ಶಿವಕಾಂತಾ. ಏನು ಬೇಕಾಗಿತ್ತು?”

ಗಲ್ಲಾಪೆಟ್ಟಿಗೆಯ ಹಿಂದೆ ಮೋಹನದಾಸರು ಅರ್ಧ ಎದ್ದರು. ಧರ್ಮಣ್ಣ ಬಾಗಿಲಲ್ಲಿ ಕಾಣಿಸಿಕೊಂಡ.

ಆ ಮನುಷ್ಯನೂ ಎದ್ದುನಿಂತ. “ನಾ ಪ್ರೇಮಕುಮಾರ್ರಿ. ಯಮನವ್ವನ ತಮ್ಮ. ಕುರಕುಂಭದಾಗ ಕೆಮಿಕಲ್ ಫ್ಯಾಕ್ಟರಿಯೊಳಗ ಇರ್ತೀನಿ. ನಮ್ಮವ್ವ ನಿಮ್ಮನ್ನ ನೋಡಬೇಕಂತಾಳ. ನಿಮಗ ಹೆಂಗ ಕೇಳಬೇಕು ತಿಳೀದ ಎರಡು ದಿನ ಸುಮ್ಮನ ಕುಂತೆ.”

ಕಣ್ಣು ಕೆಂಪಗಿದ್ದದ್ದು ಫ್ಯಾಕ್ಟರಿಯ ಹೊಗೆಗೆ ಇರಬಹುದು. ಆದರೆ ಹಾಗೆಂದು ನಂಬುವುದು ಹೇಗೆ? ದೌಂಡದಾಚೆಯ ಕುರಕುಂಭದಂಥ ಗೊತ್ತಿಲ್ಲದ ಜಾಗಕ್ಕೆ ಕರೆದೊಯ್ಯಲು ಯಮನವ್ವನ ಗಂಡನ ಮನೆಯವರು ಇದೇ ಮಾತು ಕಲಿಸಿ ಕಳಿಸಿರಬಾರದೇಕೆ? ಬಾವಿಕಟ್ಟೆಯ ಮೇಲೆ ಯಮನವ್ವ ಹೇಳಿದ್ದರಲ್ಲಿ ಪದಕ್ಕೆ ಸೇರದೆ ಉಳಿದ ಒಂದು ಮಾತು ಶಿವಕಾಂತಾಳಿಗೆ ನೆನಪಾಯಿತು.

“ಆಕಿ ನಿನಗ ಏನಂತ ಕರೀತಿದ್ದಳು?”

ಅವನಿಗೆ ತಕ್ಷಣ ಅರ್ಥವಾಗಲಿಲ್ಲ. ಅರ್ಥವಾದಾಗ ಮುಖ ಬೇರೆ ಕಡೆ ತಿರುಗಿಸಿಕೊಂಡ. “ಹುಣಸಿಬೀಜ,” ಎಂದ.

ಆ ಭಾನುವಾರ ಅವಳು ಅವನೊಂದಿಗೆ ದೌಂಡದ ಶಟಲ್ ರೈಲು ಹತ್ತಿದಳು. ಡಬ್ಬಿಯ ಇನ್ನೊಂದು ತುದಿಯಲ್ಲಿ ಧರ್ಮಣ್ಣ ಕೂತಿದ್ದ. ಅವನನ್ನು ಯಾರೂ ಕರೆದಿರಲಿಲ್ಲ. ಪ್ರೇಮಕುಮಾರ ದಾರಿಯುದ್ದಕ್ಕೂ ಅಕ್ಕನ ಗಂಡನ ಮನೆಯ ಸುದ್ದಿ ಹೇಳಿದ. ಮಾವ ಸತ್ತ, ಮಕ್ಕಳು ಆಸ್ತಿ ಒಡೆದುಕೊಂಡು ಚದುರಿಹೋದರು, ಗಂಡನಾಗಿದ್ದವನು ಮತ್ತೊಂದು ಮದುವೆಯಾಗಿ ಸೊಲ್ಲಾಪುರದಲ್ಲಿದ್ದಾನೆ. “ನಿಮ್ಮನ್ನ ಯಾರೂ ಹುಡುಕ್ತಿಲ್ರಿ,” ಎಂದ. ಶಿವಕಾಂತಾ ಪೂರ್ತಿ ನಂಬಲಿಲ್ಲ. ಅರ್ಧ ನಂಬಿದಾಗ, ಬಾರದವರಿಗೆ ಹೆದರಿ ಕಳೆದ ವರ್ಷಗಳು ನೆನಪಾದವು. ತಾಯಪ್ಪ ಕೊನೆಯ ಉಸಿರಿನವರೆಗೂ ಬಾಗಿಲಿಗೆ ಅಡ್ಡವಾಗಿಯೇ ಮಲಗುತ್ತಿದ್ದ.

ದೌಂಡದಿಂದ ಟಮಟಮ್ ರಿಕ್ಷಾ ಹಿಡಿದು ಕುರಕುಂಭ ಮುಟ್ಟಿದರು. ಕೆಲಸಗಾರರ ಚಾಳಿನ ಎರಡು ಖೋಲಿಯ ಮನೆ. ಒಳಗೆ ಮಂಚದ ಮೇಲೆ ಯಮನವ್ವನ ತಾಯಿ ಗೌರಾಬಾಯಿ ಗೋಡೆಗೊರಗಿ ಕೂತಿದ್ದಳು. ಕಾಲು ಬಾತಿದ್ದವು, ಕಣ್ಣು ಮಾತ್ರ ಚುರುಕು. ಬಂದವಳನ್ನು ಕೂಡು ಎನ್ನಲೂ ಇಲ್ಲ.

“ನನ್ನ ಮಗಳು ಎಡಗೈಲೆ ನೀರು ಸೇದ್ತಿದ್ದಳು ಅಂತ ಪದದಾಗ ಅದ. ಅದು ಹೊರಗಿನವ್ರಿಗೆ ಗೊತ್ತಿಲ್ಲ. ನೀ ಆಕೀನ್ನ ನೋಡೀದಿ.”

“ನೋಡೀನವ್ವ. ಬಾವಿ ಮ್ಯಾಲೆ.”

“ಮಾತಾಡೀದಿ.”

“ಹೂಂ.”

“ಹಂಗಾರ ಆಕಿ ನಿನಗ ಎಲ್ಲಾ ಹೇಳ್ಯಾಳ.” ಮುದುಕಿ ಮುಂದಕ್ಕೆ ಬಾಗಿದಳು. “ಯುಗಾದಿಗಿ ತವರಿಗಿ ಬಂದಿದ್ದಳು. ನಾ ಹೊಸ್ತಿಲ ದಾಟಿಸಿಕೊಳ್ಳಲಿಲ್ಲ. ಇನ್ನೆರಡು ಹೆಣ್ಣು ಮನ್ಯಾಗಿದ್ವು, ಬಿಟ್ಟು ಬಂದಾಕಿ ತಂಗೇರನ್ನ ಯಾರು ಮಾಡ್ಕೋತಾರ ಅಂದೆ. ಆ ಬಾಗಲದಿಂದಾನ ತಿರುಗಿ ಹೋದಳು. ಆ ಕ್ಯಾಸೆಟ್ಟು ಹಚ್ಚಿದಾಗೆಲ್ಲ ನನ್ನ ಹೆಸರು ಬರ್ತದ ಅಂತ ಕಾಯ್ತೀನಿ. ಅತ್ತಿ ಬರ್ತಾಳ, ಮಾವ ಬರ್ತಾನ. ನಾ ಬರಂಗಿಲ್ಲ. ಯಾಕ ಬಿಟ್ಟಿ ನನ್ನ?”

ಪ್ರೇಮಕುಮಾರ “ಅವ್ವಾ” ಎಂದ. ಮುದುಕಿ ಕೈಯೆತ್ತಿ ಅವನನ್ನು ತಡೆದಳು.

ಶಿವಕಾಂತಾ ಸುಳ್ಳು ಹೇಳಿ ಪಾರಾಗಬಹುದಿತ್ತು. ಆ ಕಣ್ಣು ನೋಡಿದ ಮೇಲೆ ಅವಳಿಗೆ ಧೈರ್ಯವಾಗಲಿಲ್ಲ.

“ಆಕಿ ನನಗ ಎಲ್ಲಾ ಹೇಳಿದಳು. ಬಾಗಲಾ ಮುಚ್ಚಿದ್ದೂ ಹೇಳಿದಳು. ಅತ್ತಳು. ಆಮ್ಯಾಲ ಅಂದಳು: ಯಕ್ಕಾ, ಹಾಡಾವ್ರು ನೀವು, ಎಲ್ಲಾರ ಬಗ್ಗೆ ಹಾಡ್ತೀರಿ, ನಮ್ಮವ್ವಗ ಏನೂ ಅನಬ್ಯಾಡ್ರಿ, ಆಕೀಗಿ ಇನ್ನೆರಡು ಅದಾವ.”

ಗೌರಾಬಾಯಿ ಅಳಲಿಲ್ಲ.

“ಆ ಎರಡೂ ಮದಿವಿ ಆದವು,” ಎಂದಳು ಮುದುಕಿ. “ಈಗ ಹಾಡು. ನನ್ನ ಹೆಸರು ಹಾಕಿ ಹಾಡು. ನಾ ಕೇಳಬೇಕು.”

“ಆಗಂಗಿಲ್ಲವ್ವ.”

“ನಾನ ಹೇಳ್ಲಿಕ್ಕತ್ತೀನಿ, ಹಾಕು.”

“ನೀ ಹೇಳಿದರೇನು, ಆಕಿ ಬ್ಯಾಡಂದಾಳ. ಬೇಕಾದ್ರ ನನ್ನ ಬೈಯಿ, ಹೊಡಿ. ಆಕಿ ಬ್ಯಾಡಂದದ್ದು ನನ್ನ ಬಾಯಾಗ ಬರಂಗಿಲ್ಲ.”

ಮುದುಕಿಯ ಕೈ ಮಂಚದ ಪಟ್ಟಿಯನ್ನು ಬಿಗಿಯಾಗಿ ಹಿಡಿದಿತ್ತು. ಬೈಯುತ್ತಾಳೆ, ಹೊರಗೆ ನಡೆ ಎನ್ನುತ್ತಾಳೆ ಎಂದೇ ಎಲ್ಲರೂ ತಿಳಿದರು. ಆ ಹಿಡಿತ ನಿಧಾನವಾಗಿ ಸಡಿಲಾಯಿತು.

“ಹಂಗಾರ ಇದ್ದಂಗ ಹಾಡು.”

ಶಿವಕಾಂತಾ ನೆಲದ ಮೇಲೆ ಕೂತಳು. ಮೊದಲ ಸಾಲಿಗೇ ದನಿ ಒಡೆಯಿತು. ಗೀಗಿ ಪದಕ್ಕೆ ಹಿಮ್ಮೇಳ ಬೇಕು, ಒಬ್ಬರೇ ಹಾಡುವಂಥದ್ದಲ್ಲ ಅದು. ಅವಳು ಉಸಿರಿಗೆ ನಿಂತಾಗ, ಬಾಗಿಲ ಹೊರಗೆ ಚಪ್ಪಲಿಗಳ ನಡುವೆ ನಿಂತಿದ್ದ ಧರ್ಮಣ್ಣ ಸಣ್ಣಗೆ “ಗೀ ಗೀ” ಎಂದು ಎತ್ತಿಕೊಟ್ಟ. ಪ್ರೇಮಕುಮಾರ ತಗ್ಗಿಸಿದ ತಲೆ ಎತ್ತದೆ ಸೇರಿಸಿದ. ಆಮೇಲೆ ದನಿ ತಾನೇ ಬಂತು. ಚಾಳಿನ ಹೆಂಗಸರು ಒಲೆ ಬಿಟ್ಟು ಬಂದು ಹೊಸ್ತಿಲ ಹೊರಗೆ ನಿಂತರು. ಮುದುಕಿ ಪದ ಮುಗಿಯುವವರೆಗೂ ಕಣ್ಣು ಮುಚ್ಚಲಿಲ್ಲ. ಮುಗಿದ ಮೇಲೆ, “ಪ್ರೇಮಾ, ಅವರಿಗಿ ಉಣ್ಣಾಕ ನೀಡು,” ಎಂದಳು.

ಗೌರಾಬಾಯಿ ಇನ್ನೊಂದು ಮಳೆಗಾಲ ಕಂಡಳು. ಅಲ್ಲಿಯವರೆಗೆ ಶಿವಕಾಂತಾ ಆಗಾಗ ಕುರಕುಂಭಕ್ಕೆ ಹೋಗಿಬರುತ್ತಿದ್ದಳು. ಹೋದಾಗೆಲ್ಲ ಹಾಡಬೇಕೆಂದೇನೂ ಇರಲಿಲ್ಲ. ಎಷ್ಟೋ ಸಲ ಇಬ್ಬರೂ ಅವರೆಕಾಯಿ ಸುಲಿಯುತ್ತ ಸುಮ್ಮನೆ ಕೂತಿದ್ದು ಎದ್ದದ್ದುಂಟು. ಹೋಟೆಲಿನ ಕೆಲಸ ಅವಳು ಬಿಡಲಿಲ್ಲ. ಕುಸುಮ ಈಗ ಅವಳನ್ನು ಹೆಸರು ಹಿಡಿದು ಕರೆಯುತ್ತಾರೆ, ಬಾಯಿ ತಪ್ಪಿ ಇನ್ನೂ ಕೆಲವೊಮ್ಮೆ ಶಾಮಲಾನ ಅಮ್ಮ ಎನ್ನುತ್ತಾರೆ. ಶ್ರಾವಣದಲ್ಲಿ ಕೂಲಿಯವರು ಕೇಳಿಕೊಂಡರೆ ದಪ್ಪಿನ ಜೊತೆ ನಿಂತು ಹಾಡುತ್ತಾಳೆ, ಬೇರೆ ಬೇರೆ ಪದಗಳನ್ನು. ಬಾವಿ ಪದ ಹಾಡೆಂದರೆ, ಅದು ಕ್ಯಾಸೆಟ್ಟಿನಾಗ ಅದ, ಅಲ್ಲೇ ಕೇಳ್ರಿ ಎನ್ನುತ್ತಾಳೆ. ಹಾಡುವಾಗಲೂ ಜನರ ನಡುವೆ ಗುರುತಿಲ್ಲದ ಬಿಳಿ ಅಂಗಿ ಕಂಡರೆ ಅವಳ ಕಣ್ಣು ಒಂದು ಕ್ಷಣ ಅಲ್ಲಿ ನಿಲ್ಲುತ್ತದೆ. ದನಿ ಮಾತ್ರ ನಿಲ್ಲುವುದಿಲ್ಲ.